ಚಿಲಕ ಹೊರಗಡೆ ಮಾತ್ರ

"ಚಿಲಕ ಹೊರಗಡೆ ಮಾತ್ರ ಇರಬೇಕು. ಒಳಗಡೆ ಏನೂ ಬೇಡ. ಹಿಡಿ ಕೂಡ ಬೇಡ."

ಅವಳ ಕೈಯಲ್ಲಿದ್ದ ಪೆನ್ಸಿಲ್ ಕಾಗದದ ಮೇಲೇ ನಿಂತುಬಿಟ್ಟಿತು.

ಅವಳ ಮರಗೆಲಸದ ಅಂಗಡಿಗೆ ಎಂಥೆಂಥವರೋ ಬರುತ್ತಾರೆ. ಬೆಕ್ಕಿಗೆ ಬೇರೆ ಬಾಗಿಲು ಬೇಕು ಅಂದವರಿದ್ದಾರೆ. ಅತ್ತೆ ಕೂತರೆ ಕಿರುಗುಟ್ಟಬೇಕು, ತಾನು ಕೂತರೆ ಸುಮ್ಮನಿರಬೇಕು, ಅಂಥ ಕುರ್ಚಿ ಮಾಡಿಕೊಡಿ ಅಂತ ಗುಟ್ಟಾಗಿ ಕೇಳಿದ ಸೊಸೆಯೂ ಇದ್ದಾಳೆ! ಎಲ್ಲರ ಮಾತಿಗೂ ಅವಳು ನಗುತ್ತಿದ್ದಳು. ಎರಡೆರಡು ಸಲ ಅಳೆಯುತ್ತಿದ್ದಳು, ಮೂರನೇ ಸಲ ಕಣ್ಣಲ್ಲೇ ಅಳೆಯುತ್ತಿದ್ದಳು. ಬೀದಿಯವರು ಅವಳಿಗೆ 'ಅಳತೆ ಮೇಡಂ' ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಆದರೆ ಇಂಥ ಬಾಗಿಲನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಅವಳು ತಲೆ ಎತ್ತಿ ನೋಡಿದಳು. ಮೂವತ್ತರ ಆಸುಪಾಸಿನವನು. ಇಸ್ತ್ರಿ ಮಾಡಿದ ಅಂಗಿ. ಬಲಗೈಗೆ ಬಿಳಿ ಬ್ಯಾಂಡೇಜು. ಕಣ್ಣುಗಳು ಮಾತ್ರ... ಎಷ್ಟೋ ದಿನದಿಂದ ನಿದ್ದೆ ಕಾಣದವನ ಹಾಗೆ ಕೆಂಪಗಿದ್ದವು.

"ಯಾವ ಕೋಣೆಗೆ?"

"ಮಲಗೋ ಕೋಣೆಗೆ. ದಪ್ಪ ಹಲಗೆ ಹಾಕಿ. ಎಷ್ಟೇ ಗುದ್ದಿದ್ರೂ ಮುರಿಯಬಾರದು."

"ಅದರಲ್ಲಿ ಯಾರು ಮಲಗ್ತಾರೆ?"

ಅವನು ಗೋಡೆಗೆ ಒರಗಿಸಿಟ್ಟ ಹಲಗೆಗಳ ಕಡೆ ನೋಡಿದ. "ಅದು ನಿಮಗೆ ಬೇಕಾಗಿಲ್ಲ."

"ಬೇಕು ಸಾರ್! ಒಳಗೆ ಹಿಡಿ ಇಲ್ಲದೆ ಇದ್ರೆ ಅದು ಬಾಗಿಲಲ್ಲ, ಗೋಡೆ. ಗೋಡೆ ಕಟ್ಟೋರು ಬೇರೆ ಇದ್ದಾರೆ."

ಅವನು ಎದ್ದ. ಮೆಟ್ಟಿಲಿನ ತನಕ ಹೋಗಿ ನಿಂತ.

"ನಮ್ಮ ಮನೇಲಿರೋ ಮರದ ಕೆಲಸವೆಲ್ಲ ನಿಮ್ಮ ತಂದೆಯವರದ್ದು. ಅಮ್ಮನಿಗೆ ಬೇರೆಯವರ ಕೆಲಸ ಹಿಡಿಸ್ತಾನೇ ಇರಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಇದನ್ನ ಇನ್ನೊಬ್ಬರ ಹತ್ರ ಕೇಳೋಕೆ... ನಾಚಿಕೆ ಆಗುತ್ತೆ."

ಆ ಒಂದು ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಯಾರನ್ನೋ ಕೂಡಿಹಾಕುವವನು ನಾಚಿಕೆಯ ಮಾತಾಡುತ್ತಾನಾ?

"ಅಳತೆಗೆ ಬರ್ತೀನಿ. ಮಾಡಿಕೊಡ್ತೀನಿ ಅಂತ ಹೇಳ್ತಿಲ್ಲ, ಗೊತ್ತಾಯ್ತಾ?"

ಅವನು ವಿಳಾಸ ಬರೆದುಕೊಟ್ಟು ಹೋದ. ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನಂತೆ.

ಅಂಗಡಿಯ ಹಿಂಭಾಗದಲ್ಲಿ ಅವಳ ಅಪ್ಪ ಸ್ಟೂಲಿನ ಮೇಲೆ ಕೂತು ಡಬ್ಬಿಯಲ್ಲಿದ್ದ ಸ್ಕ್ರೂಗಳನ್ನು ಆರಿಸುತ್ತಿದ್ದರು. ಎರಡು ವರ್ಷದಿಂದ ಅವರದ್ದು ಇದೇ ಕೆಲಸ. ಅದಕ್ಕೂ ಮೊದಲು ಇಡೀ ಬಡಾವಣೆಯಲ್ಲೇ ಅವರಂಥ ಬಡಗಿ ಇರಲಿಲ್ಲ. ಆಗ ಅವಳು ದೂರದ ಊರಿನ ಕಾರ್ಖಾನೆಯೊಂದರಲ್ಲಿ ಮರಗೆಲಸ ಕಲಿಯುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಅಪ್ಪನ ಫೋನು... ಕೈ ನಡುಗುತ್ತೆ, ಇನ್ನು ಉಳಿ ಹಿಡಿಯೋಕೆ ಆಗಲ್ಲ, ನೀನೇ ಬಂದು ಅಂಗಡಿ ನೋಡ್ಕೋ ಅಂತ.

"ಅಪ್ಪಾ, ಮುಖ್ಯರಸ್ತೆ ಕನ್ನಡಕದ ಅಂಗಡಿಯವರು ಗೊತ್ತಾ? ಅವರ ಮನೆ ಕೆಲಸ ಬಂದಿದೆ."

ಡಬ್ಬಿ ಮಗುಚಿತು. ಸ್ಕ್ರೂಗಳು ನೆಲದ ತುಂಬ ಹರಡಿದವು.

"ಆ ಮನೆಗೆ ಹೋಗ್ಬೇಡ."

"ಯಾಕಪ್ಪ?"

"ಹೋಗ್ಬೇಡ ಅಂದ್ರೆ ಹೋಗ್ಬೇಡ, ಪುಟ್ಟಾ... ಅಷ್ಟೇ."

ಅಪ್ಪ ಅವಳ ಮುಖವನ್ನೇ ನೋಡದೆ, ಮಂಡಿಯೂರಿ ಒಂದೊಂದೇ ಸ್ಕ್ರೂ ಹೆಕ್ಕತೊಡಗಿದರು.

ಬೇಡ ಅಂದ ಮೇಲಂತೂ ಅವಳ ಕಾಲು ನಿಲ್ಲಲಿಲ್ಲ!

ಮರುದಿನ ಬೆಳಿಗ್ಗೆಯೇ ಹೊರಟಳು. ತಿರುವಿನಲ್ಲಿ ಪೇಪರ್ ಮಾರುವವನನ್ನು ದಾರಿ ಕೇಳಿದರೆ, ಅವನು ದನಿ ತಗ್ಗಿಸಿದ.

"ಹೋಗ್ತಾ ಇದ್ದೀರಾ? ನೋಡ್ಕೊಂಡು ಹೋಗಿ ಮೇಡಂ. ಆ ಮನೇಲಿ ಮಧ್ಯಾಹ್ನ ಆದ್ರೆ ಸಾಕು, ಯಾರೋ ಒಳಗಿಂದ ಬಾಗಿಲು ಬಡೀತಾರೆ. ಯಾರೂ ತೆಗೆಯಲ್ಲ."

ಎರಡು ಅಂತಸ್ತಿನ ಕಿರಿದಾದ ಮನೆ. ಬಾಗಿಲು ತೆಗೆದವರು ವಯಸ್ಸಾದ ಹೆಂಗಸು, ಅವನ ಸೋದರತ್ತೆ. ಸೊಂಟದಲ್ಲಿ ಬೀಗದ ಕೈ ಗೊಂಚಲು. ನಗಲೂ ಇಲ್ಲ, ಕೂತ್ಕೊಳ್ಳಿ ಅನ್ನಲೂ ಇಲ್ಲ. ಮೇಲಿನ ಮಹಡಿಯತ್ತ ಕೈ ತೋರಿಸಿದರು.

ಮೆಟ್ಟಿಲು ಹತ್ತಿ ಮೇಲೆ ಬಂದವಳು ಗಕ್ಕನೆ ನಿಂತಳು. ಅಂಚಿನಲ್ಲಿ ತಡೆಗೆ ಕಟಾಂಜನವೇ ಇಲ್ಲ! ಅದಿರಬೇಕಾದ ಕಡೆ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಬಿಗಿದಿದ್ದರು. ಕೆಳಗೆ ಗಟ್ಟಿ ಕಲ್ಲಿನ ನೆಲ.

"ಗೋಡೆ ಪಕ್ಕಕ್ಕೇ ಬನ್ನಿ." ಅವನು ಕೋಣೆಯ ಹೊಸ್ತಿಲಲ್ಲಿ ನಿಂತಿದ್ದ. "ಇಲ್ಲಿ ಯಾರೂ ಅಂಚಿಗೆ ಹೋಗಲ್ಲ."

ಅವಳು ಟೇಪು ಬಿಚ್ಚಿದಳು. ಕೇಳುವ ಮೊದಲೇ ಅವನು ಇನ್ನೊಂದು ತುದಿ ಹಿಡಿದ. ಅವಳು ಬಗ್ಗಿ ಬರೆದುಕೊಳ್ಳುವಾಗ ಕನ್ನಡಕ ಮೂಗಿನಿಂದ ಜಾರಿತು. ಇನ್ನೊಮ್ಮೆ ಜಾರಿತು.

"ಕೊಡಿ ಇಲ್ಲಿ. ಆಗಿನಿಂದ ನೋಡ್ತಿದ್ದೀನಿ, ತಡೆಯೋಕೆ ಆಗ್ತಿಲ್ಲ."

ಬ್ಯಾಂಡೇಜಿನ ಕೈಯಲ್ಲೇ ಕನ್ನಡಕದ ಕಡ್ಡಿಯನ್ನು ಮೆಲ್ಲಗೆ ಬಗ್ಗಿಸಿದ. ಅವಳ ಕಿವಿಯ ಹಿಂದೆ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಈಗ ಸರಿಯಾಯ್ತು. ಎಲ್ಲರ ಮನೆ ಸೊಟ್ಟ ತಿದ್ದೋರು, ಇದನ್ನ ಹೇಗೆ ಬಿಟ್ಟಿದ್ರಿ?"

ಅವಳ ಕಿವಿ ಬೆಚ್ಚಗಾಯಿತು. 'ಛೇ, ಏನಿದು! ಅಳತೆಗೆ ಬಂದವಳು ಅಳತೆ ತಗೊಂಡು ಹೋಗು' ಅಂತ ತನ್ನನ್ನೇ ಗದರಿಕೊಂಡು, ಹಳೆಯ ಕದವನ್ನು ತಿರುಗಿಸಿ ಒಳಮೈ ನೋಡಿದಳು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಕದದ ಒಳಮೈ ತುಂಬ ಗೀರುಗಳು. ಉಗುರಿನ ಗೀರುಗಳು! ಮನುಷ್ಯರ ಎದೆಯೆತ್ತರಕ್ಕೆ ಹಲಗೆ ಒಡೆದು ಸಿಬಿರೆದ್ದಿತ್ತು. ಒಂದೆರಡು ಕಡೆ ಕಂದು ಬಣ್ಣದ ಕಲೆ... ಒಣಗಿದ ರಕ್ತ.

'ಇಲ್ಲಿ ಯಾರನ್ನೋ ಕೂಡಿಹಾಕ್ತಾರೆ. ಆ ಕೈಯಿಂದಲೇ ಈಗ ನನ್ನ ಕನ್ನಡಕ ಸರಿ ಮಾಡಿದ್ದು...!'

"ಆಯ್ತು," ಅಂದಳು ಹೇಗೋ. "ನಾನು... ನಾಳೆ ಹೇಳ್ತೀನಿ."

ಮೆಟ್ಟಿಲನ್ನು ಇಳಿದಳೋ ಹಾರಿದಳೋ ಅವಳಿಗೇ ತಿಳಿಯದು.

ಮರುದಿನ ಮಧ್ಯಾಹ್ನ ಅವಳು ಮತ್ತೆ ಆ ಮನೆಯ ಎದುರು ನಿಂತಿದ್ದಳು. ಒಂದು ಅಳತೆ ಬಿಟ್ಟುಹೋಯಿತು ಅನ್ನುವ ನೆಪ. ಒಳಗಿರುವ ಜೀವ ಯಾವುದು ಅಂತ ಕಣ್ಣಾರೆ ಕಾಣದೆ ಅನ್ನ ಗಂಟಲಲ್ಲಿ ಇಳಿಯದು ಅನ್ನುವುದು ನಿಜ.

ಮುಂಬಾಗಿಲು ಓರೆಯಾಗಿತ್ತು. ಅತ್ತೆ ಹಿತ್ತಲಲ್ಲಿ ಬಟ್ಟೆ ಹಿಂಡುವ ಸದ್ದು.

ಮೇಲೆ... ದಬ್. ದಬ್. ದಬ್.

ಒಂದೇ ಲಯ. ಅವಸರವಿಲ್ಲ, ಕೂಗಿಲ್ಲ. ಅದು ಇನ್ನೂ ಭಯ ಹುಟ್ಟಿಸಿತು.

ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಕೋಣೆಯ ಬಾಗಿಲಿಗೆ ಅಡ್ಡ ಕಬ್ಬಿಣದ ಪಟ್ಟಿ ಹಾಕಿತ್ತು. ಒಡೆದ ಹಲಗೆ ಪ್ರತಿ ಏಟಿಗೂ ನಡುಗುತ್ತಿತ್ತು.

"ಹೆದರಬೇಡಿ! ತೆಗೀತೀನಿ!" ಪಟ್ಟಿ ಕಿತ್ತು ಬಾಗಿಲು ಎಳೆದಳು.

ಒಳಗಿಂದ ಬಂದವನು ಅವನೇ!

ಕಣ್ಣು ತೆರೆದಿತ್ತು. ಆದರೆ ಆ ಕಣ್ಣಲ್ಲಿ ಅವಳಿರಲಿಲ್ಲ, ಯಾರೂ ಇರಲಿಲ್ಲ. ಬ್ಯಾಂಡೇಜಿನಿಂದ ರಕ್ತ ಜಿನುಗುತ್ತಿತ್ತು. ಅವಳನ್ನು ಸವರಿಕೊಂಡೇ ಮುಂದೆ ನಡೆದ... ನೇರವಾಗಿ ಹಗ್ಗದ ಕಡೆಗೆ.

"ರೀ... ರೀ, ನಿಲ್ಲಿ! ಅಲ್ಲಿ ಕಟಾಂಜನ ಇಲ್ಲ!"

ಕೇಳಿಸಲಿಲ್ಲ. ಅವನ ಸೊಂಟಕ್ಕೆ ಹಗ್ಗ ತಾಗಿತು, ಮೈ ಮುಂದಕ್ಕೆ ವಾಲಿತು... ಅವಳು ಹಿಂದಿನಿಂದ ಅವನನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದಳು. ಇಬ್ಬರೂ ಗೋಡೆಯ ಬುಡಕ್ಕೆ ಬಿದ್ದರು.

ಆಗ ಅವನಿಗೆ ಎಚ್ಚರವಾಯಿತು.

"ಯಾಕೆ ತೆಗೆದ್ರಿ?" ಅವನು ಚೀರಿದ. ಮರುಕ್ಷಣವೇ ಅವಳ ಭುಜ, ಮೊಣಕೈ, ಮುಖ ಎಲ್ಲ ತಡಕಾಡಿದ. "ಏಟಾಯ್ತಾ? ನಾನೇನಾದ್ರೂ ಮಾಡಿದ್ನಾ? ಹೇಳಿ... ನಾನೇನಾದ್ರೂ ಮಾಡಿದ್ನಾ?"

"ಇಲ್ಲ. ನಂಗೇನೂ ಆಗಿಲ್ಲ." ಅವಳು ಅವನ ಕೈ ಹಿಡಿದು ನಿಲ್ಲಿಸಿದಳು. "ಆ ಕೋಣೇಲಿ... ನೀವೇನಾ?"

ಅವನು ಮಂಡಿಯ ನಡುವೆ ಮುಖ ಹುದುಗಿಸಿದ.

"ಚಿಕ್ಕಂದಿನಿಂದ ನಿದ್ದೇಲಿ ನಡೀತೀನಿ. ಅಮ್ಮ ಕೈ ಹಿಡಿದು ವಾಪಸ್ ಕರ್ಕೊಂಡು ಹೋಗಿ ಮಲಗಿಸೋರು. ಎರಡು ವರ್ಷದ ಹಿಂದೆ ಒಂದು ಬೆಳಗಿನ ಜಾವ... ಏನೋ ದೊಡ್ಡ ಸದ್ದಾಗಿ ಎಚ್ಚರ ಆಯ್ತು. ನಾನು ಇಲ್ಲೇ ನಿಂತಿದ್ದೆ. ಕಟಾಂಜನ ಕಿತ್ತುಹೋಗಿತ್ತು. ಅಮ್ಮ... ಕೆಳಗೆ ಬಿದ್ದಿದ್ರು."

ಅವಳು ಅವನ ಪಕ್ಕಕ್ಕೆ ಸರಿದು ಕೂತಳು.

"ಎಲ್ಲರೂ ಕಾಲು ಜಾರಿತು ಅಂದ್ರು. ನಂಗೆ ಗೊತ್ತು, ನಾನೇ ತಳ್ಳಿದ್ದು. ಅವತ್ತಿಂದ ರಾತ್ರಿ ನಿದ್ದೆ ಮಾಡಲ್ಲ. ಮಧ್ಯಾಹ್ನ ಅತ್ತೆ ಎಚ್ಚರ ಇರುವಾಗ ಎರಡು ಗಂಟೆ, ಹೊರಗಿಂದ ಪಟ್ಟಿ ಹಾಕಿಸ್ಕೊಂಡು. ಈಗ ಅದೂ ಮುರಿದುಬೀಳ್ತಿದೆ. ಅತ್ತೆಗೂ ಏನಾದ್ರೂ ಮಾಡಿಬಿಟ್ರೆ?"

ಅವಳಿಗೆ ಅಳು ಉಕ್ಕಿಬಂತು. 'ತನಗೆ ತಾನೇ ಸೆರೆಮನೆ ಮಾಡಿಸಿಕೊಳ್ಳೋಕೆ ಬಂದವನನ್ನ ಏನೆಂದುಕೊಂಡೆ ನಾನು!'

"ಒಂದು ಕೇಳ್ಲಾ? ಎಚ್ಚರ ಆದಾಗ ನೀವು ಯಾವ ಕಡೆ ಮುಖ ಮಾಡಿ ನಿಂತಿದ್ರಿ?"

"ಯಾಕೆ?... ಕೋಣೆ ಕಡೆಗೆ. ಎದುರಿಗೆ ನನ್ನ ಹಾಸಿಗೆ ಕಾಣಿಸ್ತಿತ್ತು."

"ಅಂದ್ರೆ ಅಂಚಿಗೆ ಬೆನ್ನು ಹಾಕಿ. ತಳ್ಳಿದವರು ಬೆನ್ನು ಹಾಕಿ ನಿಂತಿರ್ತಾರಾ?"

ಅವನು ತಲೆ ಎತ್ತಿದ.

ಅವಳು ಮಂಡಿಯಲ್ಲೇ ಸರಿದು, ಕಟಾಂಜನದ ಮರದ ಕಂಬವನ್ನು ಕೂರಿಸಿದ್ದ ಗೋಡೆಯ ಜಾಗ ನೋಡಿದಳು. ನಾಲ್ಕು ತೂತು. ಜೇಬಿನಿಂದ ಒಂದು ಮೊಳೆ ತೆಗೆದು ಒಳಗೆ ಬಿಟ್ಟಳು. ಬೆರಳಿನ ಒಂದು ಗೆಣ್ಣಿನಷ್ಟೂ ಇಳಿಯಲಿಲ್ಲ. ಎರಡನೆಯದೂ ಹಾಗೇ. ಮೂರನೆಯದೂ.

ಗಾರೆ ದಾಟಿ ಇಟ್ಟಿಗೆಯನ್ನೇ ಮುಟ್ಟದ ಗಿಡ್ಡ ಸ್ಕ್ರೂಗಳು! ಒಬ್ಬ ಮನುಷ್ಯ ಸುಮ್ಮನೆ ಒರಗಿದರೂ ಕಿತ್ತುಬರುತ್ತಿತ್ತು ಅದು.

ಆಮೇಲೆ, ನಿಧಾನವಾಗಿ, ತಣ್ಣೀರು ಬೆನ್ನ ಮೇಲೆ ಹರಿದ ಹಾಗೆ, ಇನ್ನೊಂದು ಮಾತು ಅವಳ ಅರಿವಿಗೆ ಬಂತು.

ಈ ಮನೆಯ ಮರದ ಕೆಲಸವೆಲ್ಲ ಅಪ್ಪನದು.

ಅವಳು ಎದ್ದು ನಿಂತಳು. ಏನು ಹೇಳಬೇಕು? ಹೇಗೆ ಹೇಳಬೇಕು?

"ನಾನು... ಹೋಗ್ಬೇಕು."

ಅವನ ಮುಖದಲ್ಲಿ ಆಗತಾನೇ ಮೂಡಿದ್ದ ಆಸೆ ಆರಿಹೋಯಿತು. "ಹೆದರಿದ್ರಿ ಅಲ್ವಾ? ಹೆದರಲೇಬೇಕು. ಇನ್ನು ಬರಬೇಡಿ."

ಅಲ್ಲ ಅನ್ನಲು ಬಾಯಿ ತೆರೆದಳು. ಹಾಗೇ ಮೆಟ್ಟಿಲು ಇಳಿದುಬಿಟ್ಟಳು.

ಅಂಗಡಿಗೆ ಬಂದವಳು ಅಪ್ಪನ ಎದುರು ಒಂದು ಗಿಡ್ಡ ಸ್ಕ್ರೂ ಇಟ್ಟಳು.

"ಆ ಕಟಾಂಜನಕ್ಕೆ ಇದನ್ನ ಹಾಕಿದ್ದು ಯಾರಪ್ಪ?"

ಅಪ್ಪ ಅದನ್ನು ಅಂಗೈಗೆ ತೆಗೆದುಕೊಂಡರು.

"ಅವತ್ತು ಉದ್ದದ್ದು ಮುಗಿದಿತ್ತು. ಸದ್ಯಕ್ಕೆ ನಿಲ್ಲಲಿ, ಆಮೇಲೆ ಬದಲಾಯಿಸಿದ್ರಾಯ್ತು ಅಂದ್ಕೊಂಡೆ. ಮರೆತೇಬಿಟ್ಟೆ. ಆಮೇಲೆ ಆ ಅಮ್ಮ ಫೋನ್ ಮಾಡಿದ್ರು, ಅಲುಗಾಡ್ತಿದೆ ಬನ್ನಿ ಅಂತ. ನಾಳೆ ಅಂದೆ. ಇನ್ನೊಂದು ಸಲ ಮಾಡಿದ್ರು. ಆಗಲೂ ನಾಳೆ ಅಂದೆ. ಆ ನಾಳೆಗೆ... ಸುದ್ದಿನೇ ಬಂತು."

"ಎರಡು ವರ್ಷ! ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತ್ರಾ?"

"ಕೈ ನಡುಗೋಕೆ ಶುರುವಾಗಿದ್ದು ಅವತ್ತೇ ಪುಟ್ಟಾ."

"ಅವರು ತಾನೇ ಅಮ್ಮನ್ನ ಕೊಂದೆ ಅಂತ ತಿಳ್ಕೊಂಡಿದ್ದಾರೆ ಅಪ್ಪ! ಜೀವಂತ ಇರೋ ಮನುಷ್ಯ ದಿನಾ ತನ್ನ ಮೇಲೆ ತಾನೇ ಬಾಗಿಲು ಹಾಕಿಸ್ಕೊಳ್ತಿದ್ದಾರೆ!"

ಇದು ಅಪ್ಪನಿಗೆ ಗೊತ್ತಿರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

"ಹೇಳ್ತೀಯಾ ಅವರಿಗೆ?"

"ನೀವು ಹೇಳ್ತೀರಾ?"

ಅಪ್ಪ ತಲೆ ತಗ್ಗಿಸಿದರು.

ಅವಳಿಗೆ ಗೊತ್ತಿತ್ತು. ಹೇಳಿದರೆ ಅಪ್ಪನ ಹೆಸರು ಮಣ್ಣುಪಾಲು. ಅಂಗಡಿಯ ಕದ ಹಾಕಬೇಕು. ಅವನಂತೂ ಇನ್ನು ಅವಳ ಮುಖ ನೋಡುವುದಿಲ್ಲ. ಕಿವಿಯ ಹಿಂದೆ ಆ ಬೆರಳು ತಾಕಿದ ಜಾಗ ಇನ್ನೂ ಬೆಚ್ಚಗಿತ್ತು... ಆಸೆ ಅನ್ನುವುದು ಹುಟ್ಟುವುದಕ್ಕೂ ಒಂದು ಹೊತ್ತು ಗೊತ್ತು ಬೇಡವಾ!

ಬೆಳಗಾದ ಕೂಡಲೇ ಹೋದಳು. ಅವನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ನೂರಾರು ಕನ್ನಡಕಗಳ ನಡುವೆ ಅವನೊಬ್ಬನೇ.

ಅವಳು ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಗಿಡ್ಡ ಸ್ಕ್ರೂ, ಎರಡು ಫೋನು, ಎರಡು ನಾಳೆ. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಅಪ್ಪನಿಗೆ ವಯಸ್ಸಾಗಿದೆ ಅನ್ನಲಿಲ್ಲ.

"ನಿಮ್ಮಮ್ಮ ನಿಮ್ಮನ್ನ ಅಂಚಿನಿಂದ ತಿರುಗಿಸಿ ಕೋಣೆ ಕಡೆ ಕಳಿಸಿದ್ದಾರೆ. ಆ ಗಡಿಬಿಡಿಯಲ್ಲಿ ಕಟಾಂಜನಕ್ಕೆ ಕೈ ಊರಿದ್ದಾರೆ. ಅದು ನಿಲ್ಲಲಿಲ್ಲ. ತಪ್ಪು ನಮ್ಮ ಮನೆಯದು. ನಿಮ್ಮದಲ್ಲ."

ಅವನು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

"ಹೋಗಿ."

"ನಾನು..."

"ದಯವಿಟ್ಟು ಹೋಗಿ."

ದಿನಗಳು ಕಳೆದವು. ಹತ್ತು. ಹದಿನೈದು. ಅವನಿಂದ ಸುದ್ದಿಯಿಲ್ಲ. ಕನ್ನಡಕದ ಅಂಗಡಿ ಮುಚ್ಚಿದೆ ಅಂತ ಯಾರೋ ಅಂದರು. ಮನೆಯಲ್ಲಿ ಈಗ ಬಡಿಯುವ ಸದ್ದೂ ಇಲ್ಲ ಅಂದ ಪೇಪರಿನವನು. ಬಡಿಯುವವನು ಬಡಿಯುತ್ತಿಲ್ಲ ಅಂದರೆ...?

ಇತ್ತ ಅಪ್ಪ ಮಾತು ಬಿಟ್ಟಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆ ನೋಡುತ್ತ ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವಳು ಎದ್ದಾಗ ಅಪ್ಪನ ಹಾಸಿಗೆ ಖಾಲಿ. ಚಪ್ಪಲಿ ಇಲ್ಲ. ಸ್ಟೂಲಿನ ಮೇಲೆ ಅವರ ಕೈಗಡಿಯಾರ ಬಿಚ್ಚಿಟ್ಟಿತ್ತು.

"ಅಪ್ಪಾ...!"

ಅವಳು ಬರಿಗಾಲಲ್ಲೇ ಓಡಿದಳು. ಬಸ್ ನಿಲ್ದಾಣ ನೋಡಿದಳು, ಸೇತುವೆಯ ಮೇಲೆ ನಿಂತು ನೀರಿಗೆ ಇಣುಕಿದಳು. ಎಲ್ಲೂ ಇಲ್ಲ. ಕೊನೆಗೆ ಕಾಲು ತಾನಾಗಿ ಆ ಮನೆಯ ಬೀದಿಗೆ ತಿರುಗಿತು.

ಮುಂಬಾಗಿಲು ತೆರೆದಿತ್ತು. ಹಜಾರದಲ್ಲಿ ಅಪ್ಪ ನೆಲದ ಮೇಲೆ ಕೂತಿದ್ದರು. ಎದುರಿಗೆ, ಅವನು. ಅಡುಗೆಮನೆಯ ಬಾಗಿಲಿಗೆ ಒರಗಿ ಅತ್ತೆ, ಬಾಯಿಗೆ ಸೆರಗು ಒತ್ತಿಕೊಂಡು.

"ಇವರು ಮೂರು ದಿನದಿಂದ ಬರ್ತಿದ್ದಾರೆ," ಅಂದ ಅವನು ಅವಳನ್ನು ನೋಡಿ. "ಎರಡು ದಿನ ನಾನು ಬಾಗಿಲು ತೆಗೀಲಿಲ್ಲ. ಬೆಳಗಿನ ಜಾವ ಬಂದು ಹೊರಗೇ ಕೂತು ಹೋದ್ರು."

ಅಪ್ಪ ತಲೆ ಎತ್ತಲಿಲ್ಲ. "ಪೊಲೀಸ್ ಠಾಣೆಗೆ ಅಂದ್ರೂ ಬರ್ತೀನಿ ಅಂತ ಹೇಳಿದ್ದೀನಿ ಪುಟ್ಟಾ."

"ನಂಗೆ ಬೇಕಿರೋದು ಅದಲ್ಲ." ಅವನ ದನಿ ಗಡುಸಾಗಿತ್ತು. "ಅಮ್ಮ ಫೋನಿನಲ್ಲಿ ಏನಂದ್ರು? ಅವರ ಮಾತಲ್ಲೇ ಹೇಳಿ. ಒಂದನ್ನೂ ಬಿಡಬೇಡಿ."

ಅಪ್ಪ ಕಣ್ಣು ಮುಚ್ಚಿದರು. ಆ ಮಾತುಗಳನ್ನು ಅವರು ಎರಡು ವರ್ಷದಿಂದ ದಿನಾ ಕೇಳುತ್ತಿದ್ದರು.

"'ಅದು ಅಲುಗಾಡ್ತಿದೆ, ಬೇಗ ಬನ್ನಿ. ನಮಗಾದ್ರೆ ಗೊತ್ತು, ಹುಷಾರಾಗಿರ್ತೀವಿ. ನನ್ನ ಮಗನಿಗೆ ನಿದ್ದೇಲಿ ಗೊತ್ತಾಗಲ್ಲ. ಅದು ಸರಿಯಾಗೋ ತನಕ ನಾನೇ ಅಲ್ಲಿ ಮಲಗ್ತೀನಿ...' ಅಂದ್ರು."



ಅವನು ಅತ್ತ. ಎರಡು ವರ್ಷದಲ್ಲಿ ಮೊದಲ ಸಲ, ಅಮ್ಮನಿಗಾಗಿ ಅತ್ತ. ಅಲ್ಲಿಯ ತನಕ ತನಗೆ ಅಳುವ ಹಕ್ಕೇ ಇಲ್ಲ ಅಂದುಕೊಂಡಿದ್ದ. ಅತ್ತೆ ಬಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡರು.

ಕಣ್ಣು ಒರೆಸಿಕೊಂಡು ಅವನು ಅಪ್ಪನ ಕಡೆ ತಿರುಗಿದ.

"ನಿಮ್ಮ ಮೇಲೆ ಸಿಟ್ಟಿದೆ. ಅದು ಇವತ್ತೇ ಹೋಗಲ್ಲ. ಯಾವತ್ತು ಹೋಗುತ್ತೋ ಗೊತ್ತಿಲ್ಲ. ಆದ್ರೆ ಬಂದು ಹೇಳಿದ್ರಲ್ಲ... ಅಷ್ಟು ಸಾಕು. ಈಗ ಮನೆಗೆ ಹೋಗಿ."

ಅಪ್ಪ ಕೈ ಮುಗಿದು ಎದ್ದರು. ಅವಳೂ ಅವರ ಹಿಂದೆ ಹೊಸ್ತಿಲು ದಾಟಿದಳು.

"ನೀವು ನಿಲ್ಲಿ."

ಅವಳು ಬೆನ್ನು ತಿರುಗಿಸಿಕೊಂಡೇ ನಿಂತಳು.

"ಆ ಬಾಗಿಲು ಬೇಡ," ಅಂದ. "ನಾಲ್ಕು ದಿನದಿಂದ ರಾತ್ರಿನೇ ಮಲಗ್ತಿದ್ದೀನಿ, ಕೆಳಗಡೆ, ಕದ ತೆಗೆದೇ. ಮೊನ್ನೆ ಎದ್ದು ಅಡುಗೆಮನೆಗೆ ಹೋಗಿ ನಿಂತಿದ್ದೆನಂತೆ. ಅತ್ತೆ ಕೈ ಹಿಡಿದು ಕರ್ಕೊಂಡು ಬಂದ್ರಂತೆ. ಇನ್ನೇನೂ ಆಗ್ಲಿಲ್ಲ."

"ಒಳ್ಳೇದಾಯ್ತು."

"ಅವತ್ತು ನೀವು ಹೇಳದೇ ಇರಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೇಳದೆ ಇದ್ದಿದ್ರೆ ನಿಮ್ಮನ್ನ ನೋಡೋಕೆ ಬರಬಹುದಿತ್ತು. ಹೇಳಿದ್ಮೇಲೆ ಅದಕ್ಕೂ ಇಲ್ಲ ಅಂತ ಗೊತ್ತಿತ್ತು. ಆದ್ರೂ..." ಅವಳು ತಿರುಗಿದಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. "ನನಗೆ ನೀವು ಬೇಕು ಅನ್ನಿಸಿತ್ತು. ಅದಕ್ಕಿಂತ ನೀವು ಆಚೆ ಬರಬೇಕು ಅನ್ನಿಸಿತು. ಅಷ್ಟೇ."

ಅವನು ಮೆಟ್ಟಿಲು ಇಳಿದು ಅವಳ ಎದುರಿಗೆ ಬಂದು ನಿಂತ. ನೋಡಿದ. ಧೂಳು ಮೆತ್ತಿದ ಬರಿಗಾಲು, ಕೆದರಿದ ಕೂದಲು.

"ಹತ್ತೊಂಬತ್ತು ದಿನ ನಿಮ್ಮನ್ನ ದ್ವೇಷ ಮಾಡೋಕೆ ನೋಡಿದೆ. ಒಂದು ದಿನವೂ ಆಗ್ಲಿಲ್ಲ." ಅವನು ಅವಳ ಕೈ ಹಿಡಿದ. "ಇದು ವಾಸಿಯಾಗೋ ಕಾಯಿಲೆ ಅಲ್ಲ ಅಂತಾರೆ. ನಾನು ಜೀವನ ಪೂರ್ತಿ ಹೀಗೇ ಎದ್ದು ನಡೀಬಹುದು."

"ನಂದು ಎಚ್ಚರದ ನಿದ್ದೆ. ಇಲಿ ಓಡಾಡಿದ್ರೂ ಎದ್ದುಬಿಡ್ತೀನಿ."

"ನಾನು ನಿಲ್ಲದೆ ನಡೀತಾನೇ ಇದ್ರೆ?"

"ನಾನೂ ಜೊತೆಗೆ ಬರ್ತೀನಿ."

"ಎಲ್ಲಿಗೆ ಅಂತ ಕೇಳಲ್ವಾ?"

"ಕೇಳಿ ಏನು ಪ್ರಯೋಜನ? ನಿನಗೇ ಗೊತ್ತಿರಲ್ಲ!"

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

"ಈಗ ಏನಂದೆ? 'ನಿನಗೆ' ಅಂದ್ಯಾ?"

"ಹೂಂ... ಅಂದೆ."

"ಇನ್ನೊಂದ್ಸಲ ಹೇಳು."